ಈರುಳ್ಳಿ ಪೊರೆಯ ಮೇಲೊಂದು ರೆಪ್ಪೆಗೂದಲು

ಈರುಳ್ಳಿ ಹೆಚ್ಚುವಾಗ ನನಗೊಂದು ಕೆಟ್ಟ ಚಾಳಿ. ಗಡ್ಡೆಯನ್ನು ಹೋಳು ಮಾಡಿ, ಒಳಗಿನ ಒಂದು ಪದರವನ್ನು ಬಿಡಿಸಿ, ಅದರ ಒಳಮೈಗೆ ಅಂಟಿಕೊಂಡಿರುವ ತೆಳ್ಳನೆಯ ಪೊರೆಯನ್ನು ಉಗುರಿನಿಂದ ಎಬ್ಬಿಸಿ, ಹರಿಯದ ಹಾಗೆ ಸುಲಿದು, ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೇ ಸಮಾಧಾನ. ಅಷ್ಟು ಹೊತ್ತಿಗೆ ಬಾಣಲೆಯಲ್ಲಿ ಸಾಸಿವೆಯ ಸಿಡಿತ ಮುಗಿದು, ಕರಿಬೇವು ಇದ್ದಿಲಾಗಿ ಕುಳಿತಿರುತ್ತದೆ.

"ಇವತ್ತು ಉಪ್ಪಿಟ್ಟೋ, ಪ್ರಾಕ್ಟಿಕಲ್ಲೋ?" ಎಂದು ನಮ್ಮ ಯಜಮಾನರು ನಡುಮನೆಯಿಂದಲೇ ಕೇಳುತ್ತಾರೆ. ವಾಸನೆಯ ಮೇಲೇ ಅವರಿಗೆ ಗೊತ್ತಾಗಿಬಿಡುತ್ತದೆ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಮ್ಮ. ಮನೆ ರಾಮಕೃಷ್ಣನಗರದಲ್ಲಿ, ಶಾಲೆ ರಾಜೀವನಗರದ ಕಡೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನಾ ಸ್ಕೂಟರಿನಲ್ಲಿ ಹೋಗುತ್ತೇನೆ. ಆ ದಾರಿಯುದ್ದಕ್ಕೂ ನಾನು ಗಾಡಿ ಓಡಿಸುತ್ತೇನೆ ಎಂದು ನೋಡಿದವರು ಅಂದುಕೊಳ್ಳಬಹುದು. ನಿಜವಾಗಿ ನಾನು ಮಾಡುವುದು ಚಿಂತೆ. ಗ್ಯಾಸ್ ಆಫ್ ಮಾಡಿದೆನೇ? ಟ್ಯಾಂಕಿನ ಮೋಟರು? ಹಿಂದಿನ ಚಕ್ರ ಯಾಕೋ ಮೆತ್ತಗಿದೆಯಲ್ಲ? ಇಲ್ಲ, ಮೆತ್ತಗಿರುವುದು ಸೀಟು. ಹಾಗಾದರೆ ಸೀಟು ಯಾಕೆ ಮೆತ್ತಗಾಯಿತು? ಹೀಗೆ. ಶಾಲೆ ತಲುಪಿದೊಡನೆ ಮನೆಗೆ ಒಂದು ಮೆಸೇಜು ಹಾಕುತ್ತೇನೆ: "ಗ್ಯಾಸ್ ನೋಡಿ." ಅಲ್ಲಿಂದ ಉತ್ತರ ಬರುವ ತನಕ ನನ್ನ ಪಾಠದಲ್ಲಿ ಆಮ್ಲಜನಕ, ಜಲಜನಕ, ಯಾವ ಅನಿಲದ ಹೆಸರು ಬಂದರೂ ಎದೆ ಸಣ್ಣಗೆ ಹೊಡೆದುಕೊಳ್ಳುತ್ತದೆ.

ಈರುಳ್ಳಿಯ ವಿಷಯಕ್ಕೆ ಬರುತ್ತೇನೆ. ನಾನು ಓದಿದ್ದೂ ಇದೇ ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಅಲ್ಲಿ ಇದ್ದದ್ದು ಒಂದೇ ಮೈಕ್ರೋಸ್ಕೋಪು. ಉತ್ಸವಮೂರ್ತಿಯ ಹಾಗೆ ವರ್ಷಕ್ಕೊಮ್ಮೆ ಮರದ ಪೆಟ್ಟಿಗೆಯಿಂದ ಹೊರಗೆ ಬಂದು ಮೇಜಿನ ಮೇಲೆ ಕೂರುತ್ತಿತ್ತು. ನಾವು ಸಾಲಾಗಿ ಹೋಗಬೇಕು, ಬಗ್ಗಬೇಕು, ಒಂದು ಕಣ್ಣು ಮುಚ್ಚಬೇಕು. ನನಗೋ ಒಂದು ಮುಚ್ಚಿದರೆ ಇನ್ನೊಂದೂ ಜೊತೆಗೆ ಮುಚ್ಚಿಕೊಳ್ಳುತ್ತದೆ, ಆಗಲೂ, ಈಗಲೂ. ಪಕ್ಕದಲ್ಲಿ ನಿಂತ ಮಿಸ್ಸು "ಕಾಣ್ತಾ?" ಎನ್ನುತ್ತಿದ್ದರು. "ಕಾಣ್ತು ಮಿಸ್" ಎನ್ನಬೇಕು. "ಮುಂದೆ!" ಮಂಗಳಾರತಿ ತೆಗೆದುಕೊಂಡವರನ್ನು ದೇವರು ಕಂಡನೇ ಎಂದು ಯಾರಾದರೂ ಪಾಟೀಸವಾಲು ಹಾಕುತ್ತಾರೆಯೇ? ಇಲ್ಲೂ ಹಾಗೆಯೇ. ಸಾಲು ಸರಿಯುತ್ತಿರಬೇಕು, ಅಷ್ಟೆ.

ನನಗೆ ಮಾತ್ರ ಏನೋ ನಿಜವಾಗಿಯೂ ಕಂಡಿತ್ತು. ಬೆಳ್ಳನೆಯ ವೃತ್ತದೊಳಗೆ ಕಪ್ಪಗೆ, ಬಾಗಿದ, ಬೇಲಿಯ ಗೂಟಗಳಂತೆ ಸಾಲಾಗಿ ನಿಂತ ಕಡ್ಡಿಗಳು. ಎಂಥ ಆಶ್ಚರ್ಯ! ಸಾರಿನಲ್ಲಿ ತೇಲುವ ಈರುಳ್ಳಿಯೊಳಗೆ ಇಂಥ ಬೇಲಿ! ಮನೆಗೆ ಹೋಗಿ ಆ ಬೇಲಿಯನ್ನು ರೆಕಾರ್ಡಿನಲ್ಲಿ ಶ್ರದ್ಧೆಯಿಂದ ಬರೆದು, ಕೆಳಗೆ 'ಈರುಳ್ಳಿಯ ಜೀವಕೋಶಗಳು' ಎಂದು ಗುಂಡಗೆ ಹೆಸರಿಟ್ಟೆ. ಮಿಸ್ಸು ಅದನ್ನು ನೋಡಿ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು. "ಇದು ಈರುಳ್ಳಿ ಅಲ್ಲ ಕಣೇ ಪೆದ್ದಿ, ನಿನ್ನ ಕಣ್ಣಿನ ರೆಪ್ಪೆ!" ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, "ಪುಸ್ತಕ ನೋಡಿ ಬರಿ" ಎಂದು ಷರಾ ಹಾಕಿದರು. ಉಳಿದವರೆಲ್ಲ ಪುಸ್ತಕ ನೋಡಿಯೇ ಬರೆದಿದ್ದರು. ಅವರ ಈರುಳ್ಳಿಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳಂತಿದ್ದವು. ನಾನು ಆ ವರ್ಷವಿಡೀ 'ರೆಪ್ಪೆ ಈರುಳ್ಳಿ' ಎಂಬ ಬಿರುದು ಹೊತ್ತು ತಿರುಗಿದೆ.

ಅಂಥವಳು ವಿಜ್ಞಾನದ ಮಿಸ್ಸಾದದ್ದು ವಿಧಿಯ ತಮಾಷೆ. ಆ ಸಾಲಿನಲ್ಲಿ ನಿಂತಿದ್ದವಳು ಸಾಲಿನ ಪಕ್ಕಕ್ಕೆ ಬಂದೆ, ಅಷ್ಟೇ ಬದಲಾವಣೆ. "ಕಾಣ್ತಾ?" "ಕಾಣ್ತು ಮಿಸ್." "ಮುಂದೆ!" ಮಂತ್ರವನ್ನು ನಾನೂ ಹಾಗೆಯೇ ಮುಂದಿನವರಿಗೆ ದಾಟಿಸಿದೆ. ಜೊತೆಗೆ ನನ್ನ ಸ್ವಂತದ ಕಾಣಿಕೆಯೊಂದನ್ನು ಸೇರಿಸಿದೆ: ಬೀಗ. ಲ್ಯಾಬಿನಲ್ಲಿ ಆಸಿಡ್ ಇದೆ, ಗಾಜಿದೆ, ಸ್ಪಿರಿಟ್ ದೀಪವಿದೆ, ಮಕ್ಕಳಿಗೆ ಕೈಗಳಿವೆ. ಇವಿಷ್ಟೂ ಒಂದೇ ಕೋಣೆಯಲ್ಲಿ ಸೇರಿದರೆ ಏನಾದೀತು ಎಂದು ನೆನೆಸಿಕೊಂಡರೇ ನನಗೆ ಬೆವರು. ಬೀಗದ ಕೈ ನನ್ನ ಬ್ಯಾಗಿನ ಒಳಜೇಬಿನಲ್ಲಿ ಗುಳಿಗೆ ಡಬ್ಬಿಯ ಪಕ್ಕ ಸುಖವಾಗಿ ಮಲಗಿರುತ್ತಿತ್ತು.

ಇಷ್ಟರಲ್ಲಿ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡು ಬಂತು. ಯಾರೋ ಹಳೆಯ ವಿದ್ಯಾರ್ಥಿಗಳು ಕೊಡಿಸಿದ್ದು. ಗೋಡೆಯಷ್ಟಗಲದ ಟೀವಿ ಎಂದುಕೊಳ್ಳಿ, ಮುಟ್ಟಿದರೆ ಮಾತು ಕೇಳುವ ಟೀವಿ. ಸದ್ಯಕ್ಕೆ ಒಂಬತ್ತನೇ ಕ್ಲಾಸಿನ ಗೋಡೆಗೆ ಅದನ್ನು ಏರಿಸಿದರು. ನನಗೆ ಒಂದು ವಾರ ನಿದ್ದೆಯಿಲ್ಲ. ಕರೆಂಟು ಹೊಡೆದರೆ? ಮಕ್ಕಳ ಕಣ್ಣು ಹಾಳಾದರೆ? ಎಲ್ಲಕ್ಕಿಂತ ಮಿಗಿಲಾಗಿ, ಅದು ನನಗಿಂತ ಚೆನ್ನಾಗಿ ಪಾಠ ಮಾಡಿದರೆ?

ಮಾಡಿತು. ಸುಳ್ಳು ಯಾಕೆ ಹೇಳಲಿ? ಇಷ್ಟು ವರ್ಷ ನಾನು ಎರಡು ಮುಷ್ಟಿಗಳನ್ನು ಒತ್ತಿ ಬಿಚ್ಚಿ, ಬಟ್ಟೆ ಹಿಂಡುವವಳ ಹಾಗೆ ಅಭಿನಯಿಸಿ ತೋರಿಸುತ್ತಿದ್ದ ಹೃದಯ ಆ ಬೋರ್ಡಿನಲ್ಲಿ ತಾನೇ ಬಡಿಯಿತು. ಕವಾಟ ತೆರೆಯಿತು, ಮುಚ್ಚಿತು, ರಕ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯಿತು. "ಓಹ್, ಇಂಗಾ!" ಎಂದು ಹಿಂದಿನ ಬೆಂಚಿನಿಂದ ಮಂಜುನಾಥ ಎಂಬ ಬಾಯಾಳಿ ಕೂಗಿದಾಗ, ಅವನಿಂದ ಆ ಉದ್ಗಾರ ಹೊರಡಿಸಲು ನನ್ನ ಮುಷ್ಟಿಗಳಿಗೆ ಯಾವತ್ತೂ ಸಾಧ್ಯವಾಗಿರಲಿಲ್ಲ ಎಂದು ಸ್ವಲ್ಪ ಹೊಟ್ಟೆಯುರಿದರೂ, ಮನಸ್ಸು ತಂಪಾಯಿತು.

ತಂಪು ಕಿರುಪರೀಕ್ಷೆಯ ತನಕ ಉಳಿಯಿತು. 'ಈರುಳ್ಳಿಯ ಜೀವಕೋಶವನ್ನು ವರ್ಣಿಸಿ' ಎಂದು ಕೇಳಿದ್ದೆ. ಉತ್ತರಗಳಲ್ಲಿ ಜೀವಕೋಶವು ನೇರಳೆ ಬಣ್ಣದ್ದಾಗಿತ್ತು. ಕೋಶಕೇಂದ್ರ ಗಿಳಿಹಸಿರು. ಮತ್ತೆ ಬಹುಪಾಲು ಪತ್ರಿಕೆಗಳಲ್ಲಿ ಒಂದು ವಾಕ್ಯ: 'ಜೀವಕೋಶವು ನಿಧಾನವಾಗಿ ತಿರುಗುತ್ತಿರುತ್ತದೆ.'

"ಯಾರ್ರೋ ನಿಮಗೆ ಹೇಳಿದ್ದು ಅದು ತಿರುಗತ್ತೆ ಅಂತ?"

"ವಿಡಿಯೋದಲ್ಲಿ ತಿರುಗ್ತಾ ಇತ್ತಲ್ಲ ಮಿಸ್!" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಹೌದು, ತಿರುಗುತ್ತಿತ್ತು. ಎಲ್ಲ ಕಡೆಯಿಂದಲೂ ಕಾಣಲಿ ಎಂದು ಅದನ್ನು ಮಾಡಿದವರು ತಿರುಗಿಸಿದ್ದರು. ಹಿನ್ನೆಲೆಯಲ್ಲಿ ಕೊಳಲೂ ಇತ್ತು. ಕೊಳಲಿನ ಬಗ್ಗೆ ಯಾರೂ ಬರೆಯದೆ ಬಿಟ್ಟದ್ದು ದೊಡ್ಡ ಪುಣ್ಯ.

ಆ ಪತ್ರಿಕೆಗಳನ್ನು ಹಿಡಿದು ಸ್ಟಾಫ್ ರೂಮಿಗೆ ಬಂದರೆ ಹೆಡ್ ಮಾಸ್ಟರ್ ನಿಂಗರಾಜಯ್ಯನವರು ಕಾಯುತ್ತಿದ್ದರು. ಒಳ್ಳೆಯ ಮನುಷ್ಯ, ಸಮಾಜ ವಿಜ್ಞಾನದವರು.

"ಮೇಡಂ, ಆ ಬೋರ್ಡಿಗೆ ಧೂಳು ಆಗಕಿಲ್ವಂತೆ. ಗಟ್ಟಿ ಬಾಗ್ಲು, ಕಿಟಕಿಗೆ ಗ್ರಿಲ್ಲು ಅಂತ ಇರೋದು ನಿಮ್ಮ ಲ್ಯಾಬ್ ರೂಮೊಂದಕ್ಕೇ. ಅಲ್ಲಿಗೇ ಹಾಕಿಸ್ಬುಡೋಣ. ಶನಿವಾರ ಗುಜರಿಯೋನ್ಗೆ ಬಾ ಅಂದಿದೀನಿ. ಬೀರು, ಹಳೇ ಸಾಮಾನು ಎಲ್ಲಾ ಎತ್ತಿಸ್ಬುಟ್ರೆ ಜಾಗ ಆಯ್ತದೆ."

"ಸರ್, ಮೈಕ್ರೋಸ್ಕೋಪು?"

"ಅಯ್ಯೋ ಬುಡಿ ಮೇಡಂ. ಅದೆಲ್ಲಾ ಬೋರ್ಡಲ್ಲೇ ಬತ್ತದೆ. ನಿನ್ನೆ ನಾನೇ ಮುಟ್ಟಿ ನೋಡ್ದೆ, ಎಷ್ಟ್ ಬೇಕೋ ಅಷ್ಟು ದೊಡ್ಡದಾಯ್ತದೆ."

"ಆದ್ರೂ ಸರ್, ಮಕ್ಕಳು ಕೈಯಾರೆ ಮಾಡಿ ನೋಡೋದು ಅಂತ ಒಂದಿರತ್ತಲ್ಲ..."

"ಮಾಡ್ಲಿ ಮೇಡಂ, ಯಾರ್ ಬ್ಯಾಡ ಅಂದೋರು? ಆದ್ರೆ ವರ್ಸಕ್ಕೊಂದಿನ ಬುಟ್ರೆ ಬೀಗದ ಕೈ ನಿಮ್ಮ ಬ್ಯಾಗಿಂದ ಯಾವತ್ತು ಆಚೆ ಬಂದಿತ್ತು? ನೀವೇ ಹೇಳಿ."

ಸ್ಕೂಟರಿನಲ್ಲಿ ಮನೆಗೆ ಬರುವಾಗ ಅವತ್ತು ಗ್ಯಾಸಿನ ಚಿಂತೆ ಬರಲೇ ಇಲ್ಲ. ಶನಿವಾರ ಆ ಮೈಕ್ರೋಸ್ಕೋಪು ಗುಜರಿ ಗಾಡಿ ಹತ್ತಿಬಿಟ್ಟರೆ ನಮ್ಮ ಮಕ್ಕಳ ಪಾಲಿಗೆ ಜೀವಕೋಶ ಜೀವಮಾನವಿಡೀ ನೇರಳೆ ಬಣ್ಣದಲ್ಲಿ ತಿರುಗುತ್ತಲೇ ಇರುತ್ತದೆ. ಬೋರ್ಡಿನ ಮೇಲೆ ಸಿಟ್ಟು ಮಾಡೋಣವೆಂದರೆ ಅದರದೇನು ತಪ್ಪು? ಅದು ತೋರಿಸಿದ್ದನ್ನು ಮಕ್ಕಳು ನಂಬಿದರು. ಅದಕ್ಕೆ ಜೋಡಿಯಾಗಿ ಇನ್ನೊಂದನ್ನು ತೋರಿಸಬೇಕಾಗಿದ್ದ ಪೆಟ್ಟಿಗೆಗೆ ಬೀಗ ಬಿದ್ದಿತ್ತು.

ಶುಕ್ರವಾರ ಡಬ್ಬಿಯಲ್ಲಿ ಊಟದ ಜೊತೆ ಒಂದು ಈರುಳ್ಳಿಯನ್ನೂ ಇಟ್ಟುಕೊಂಡು ಹೋದೆ. ಮೈಕ್ರೋಸ್ಕೋಪನ್ನು ಮಗುವಿನಂತೆ ಎತ್ತಿಕೊಂಡು ಒಂಬತ್ತನೇ ಕ್ಲಾಸಿಗೆ ಬಂದು, ಬೆಂಚೊಂದನ್ನು ಕಿಟಕಿಯ ಪಕ್ಕಕ್ಕೆ ಎಳೆಸಿ, ಅದರ ಕನ್ನಡಿಗೆ ಬಿಸಿಲು ಬೀಳುವಂತೆ ಇಟ್ಟೆ. ಪೊರೆ ಸುಲಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವಲ್ಲ. ಸ್ಲೈಡಿನ ಮೇಲೆ ಒಂದು ಹನಿ ನೀರು, ಅದರ ಮೇಲೆ ಪೊರೆ. ಮೂಗು ತಾಗುವಷ್ಟು ಬಗ್ಗಿ, ಗುಳ್ಳೆ ಸೇರದ ಹಾಗೆ ತೆಳುಗಾಜನ್ನು ಮುಚ್ಚಿದೆ. ಸಾಲು ನಿಂತಿತು.

"ಕಾಣ್ತಾ?"

"ಕಾಣ್ತು ಮಿಸ್."

"ಮುಂದೆ!"

ಬಾಯಿಗೆ ಬಂದೇ ಬಿಟ್ಟಿತು ಹಾಳು ಮಂತ್ರ. ಕಾಣ್ತು, ಕಾಣ್ತು, ಕಾಣ್ತು ಎಂದು ಸಾಲು ಸರಿಯಿತು. ಮಂಜನಂತೂ ಎದ್ದು ನಿಂತು, "ಸೂಪರಾಗಿ ಕಾಣ್ತು ಮಿಸ್!" ಎಂದ.

"ಏನೋ ಕಾಣ್ತು?"

"ಜೀವಕೋಶ ಮಿಸ್. ನೇರಳೆ ಕಲರ್ರು. ತಿರುಗ್ತಾ ಅದೆ."

ಅವನ ಹಿಂದೆ ಗೌತಮಿ ಇದ್ದಳು. ಸಿದ್ಧಾರ್ಥನಗರದ ಕಡೆಯಿಂದ ಬರುವ, ಮಾತು ಕಡಿಮೆಯ ಹುಡುಗಿ. ಬಗ್ಗಿದಳು. ಬಗ್ಗಿಯೇ ಇದ್ದಳು. ಸಾಲಿನವರು ಗೊಣಗತೊಡಗಿದರು.

"ಕಾಣ್ತೇನಮ್ಮ?"

"ಇಲ್ಲ ಮಿಸ್."

"ಸರಿಯಾಗಿ ನೋಡು."

"ಸರಿಯಾಗೇ ನೋಡ್ತಿದೀನಿ ಮಿಸ್. ಬರೀ ಕತ್ಲೆ ಕಾಣ್ತದೆ."

ನಾನು ಬಗ್ಗಿ ನೋಡಿದೆ. ಬರೀ ಕತ್ತಲೆ. ಕೆಳಗಿನ ಮಸೂರವನ್ನು ತಿರುಗಿಸಿ 'ಟಕ್' ಎಂದು ಜಾಗಕ್ಕೆ ಕೂರಿಸುವುದನ್ನೇ ನಾನು ಮರೆತಿದ್ದೆ! ಅಷ್ಟು ಹೊತ್ತೂ ಆ ಕೊಳವೆಯಲ್ಲಿ ಯಾರಿಗೂ ಏನೂ ಕಂಡಿರಲು ಸಾಧ್ಯವೇ ಇರಲಿಲ್ಲ. ಆ ಕಗ್ಗತ್ತಲೆಯಲ್ಲಿ ಮಂಜ ನೇರಳೆ ಬಣ್ಣ ಕಂಡಿದ್ದ.

"ಲೋ ಮಂಜ, ಇದ್ರಲ್ಲಿ ಬೆಳಕೇ ಇರ್ಲಿಲ್ವಲ್ಲೋ!"

"ನಂಗೆ ಕಂಡಂಗಾಯ್ತು ಮಿಸ್," ಎಂದು ತಲೆ ಕೆರೆದುಕೊಂಡ. ಎಲ್ಲರೂ ನಕ್ಕರು. ಕಾಣ್ತು ಎಂದವರೇ ಹೆಚ್ಚು ಜೋರಾಗಿ ನಕ್ಕರು.

ಮಸೂರ ಕೂರಿಸಿದೆ. ಗೌತಮಿ ಮತ್ತೆ ಬಗ್ಗಿದಳು.

"ಈಗ?"

"ಈಗ ಬೆಳಕದೆ ಮಿಸ್. ಕಪ್ಪಗೆ ಏನೋ ಕಡ್ಡಿ ಕಡ್ಡಿ ಕಾಣ್ತಾವೆ." ಕಣ್ಣು ಪಿಳುಕಿಸಿದಳು. "ನಾನು ಪಿಳುಕ್ಸಿದ್ರೆ ಅವೂ ಅಳ್ಳಾಡ್ತಾವೆ. ಮಿಸ್, ಇವು ನನ್ನ ರೆಪ್ಪೆ!"

ನಾನು ಬೇಲಿಯೆಂದು ನಂಬಿ ಬರೆದದ್ದನ್ನು ಈ ಹುಡುಗಿ ಕಣ್ಣು ಪಿಳುಕಿಸಿ ಪರೀಕ್ಷೆ ಮಾಡಿ ಕಂಡುಹಿಡಿದಿದ್ದಳು. ಅವಳನ್ನು ಅಪ್ಪಿಕೊಳ್ಳೋಣ ಎನ್ನಿಸಿತು. ಅಷ್ಟರಲ್ಲಿ ಅವಳೇ ಯೋಚನೆ ಮಾಡುತ್ತ, ಗೋಡೆಯ ಬೋರ್ಡನ್ನೂ ಮೇಜಿನ ಮೇಲಿದ್ದ ನನ್ನ ಫೋನನ್ನೂ ನೋಡಿ ಕೇಳಿದಳು:

"ಮಿಸ್, ಫೋನಿಗೆ ರೆಪ್ಪೆ ಇಲ್ಲ ಅಲ್ವಾ?"

ಮುಂದಿನದೆಲ್ಲ ನನ್ನ ಕೈ ಮೀರಿ ನಡೆಯಿತು. ಮಂಜ ಬೋರ್ಡಿನಲ್ಲಿ ಎಲ್ಲೆಲ್ಲೋ ಒತ್ತಿದ. ನನ್ನ ಫೋನಿನಲ್ಲಿರುವುದೆಲ್ಲ ಬೋರ್ಡಿನಲ್ಲೂ ಕಾಣುವಂತಾಯಿತು. ನಾನು "ನೀರು ತಾಗೀತು, ಬೀಳಿಸೀರಿ" ಎಂದು ಬಡಬಡಿಸುತ್ತಿದ್ದಂತೆಯೇ ಗೋಡೆಯಗಲಕ್ಕೆ ಒಂದು ಮೆಸೇಜು ಮೂಡಿತು: 'ಗ್ಯಾಸ್ ಆಫ್ ಆಗಿದೆ. ನಿನ್ನೆಯೂ ಆಗಿತ್ತು. ನಾಳೆಯೂ ಆಗಿರುತ್ತದೆ.' ಇಡೀ ಕ್ಲಾಸು ಅದನ್ನು ಒಕ್ಕೊರಲಿನಿಂದ ಪ್ರಾರ್ಥನೆಯಂತೆ ಓದಿತು. ನಾನು ಸೀಮೆಸುಣ್ಣ ಹುಡುಕುವವಳಂತೆ ಗೋಡೆಯ ಕಡೆ ತಿರುಗಿಕೊಂಡೆ.

ತಿರುಗಿ ನೋಡುವ ಹೊತ್ತಿಗೆ ಗೌತಮಿ ಫೋನಿನ ಕ್ಯಾಮೆರಾವನ್ನು ಮೈಕ್ರೋಸ್ಕೋಪಿನ ಕಣ್ಣಿಗೆ ಸೇರಿಸಿ ಹಿಡಿದಿದ್ದಳು. ಬೋರ್ಡಿನಲ್ಲಿ ಮೊದಲು ಬರೀ ಮಸುಕು, ಆಮೇಲೆ ನಡುಗುವ ಒಂದು ಚಂದ್ರ. ನಾನು ಮೆಲ್ಲಗೆ ತಿರುಪು ತಿರುಗಿಸಿದೆ. ಆ ಚಂದ್ರನೊಳಗೆ ಗೆರೆಗಳು ಮೂಡಿದವು. ಉದ್ದುದ್ದ ಕೋಣೆಗಳು. ಒಂದು ದಪ್ಪ, ಒಂದು ಸಣಕಲು, ಒಂದು ಸೊಟ್ಟ, ಒಂದರ ಸೊಂಟಕ್ಕೆ ಇನ್ನೊಂದು ಒರಗಿಕೊಂಡು. ನಮ್ಮ ಮನೆಯ ಅಡುಗೆಮನೆಯಿಂದ ಬಂದ ಈರುಳ್ಳಿ ಗೋಡೆ ತುಂಬ ನಿಂತಿತ್ತು.

ಮೊದಲು ಬಾಯಿ ಬಿಟ್ಟವನು ಮಂಜನೇ. ಈಗ ಅವನ ದನಿಯಲ್ಲಿ ಕನಿಕರವಿತ್ತು. "ಮಿಸ್, ನಿಮ್ಮ ಈರುಳ್ಳಿ ಕೆಟ್ಟೋಗದೆ."

"ಯಾಕೋ?"

"ಕಲರ್ರೇ ಇಲ್ಲ. ತಿರುಗ್ತಾನೂ ಇಲ್ಲ. ವಿಡಿಯೋದಲ್ಲಿರೋದು ಒಳ್ಳೇ ಈರುಳ್ಳಿ ಮಿಸ್."

ಹಲವರು ತಲೆಯಾಡಿಸಿದರು. ಯಾವ ಅಂಗಡಿಯಲ್ಲಿ ತಂದದ್ದು ಎಂದು ವಿಚಾರಣೆಯೂ ಆಯಿತು. ಗೌತಮಿ ಮಾತ್ರ ಫೋನು ಹಿಡಿದ ಕೈ ಅಲುಗಿಸದೆ ಹೇಳಿದಳು: "ಇದನ್ನ ಮಿಸ್ ನಮ್ಮ ಮುಂದೇನೇ ಸುಲ್ದಿದ್ದು ಕಣೋ. ಅದನ್ನ ಯಾರ್ ಸುಲುದ್ರು ಅಂತ ನೀನು ನೋಡಿದೀಯಾ?"

ಮಂಜನ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಲ್ಯಾಬಿನ ಬೀರುವಿನಿಂದ ಅಯೋಡಿನ್ ಸೀಸೆ ತರಿಸಿದೆ. ಬೀಗದ ಕೈಯನ್ನು ಮಕ್ಕಳ ಕೈಗೇ ಕೊಟ್ಟು ಕಳಿಸಿದೆನೆಂಬುದು ಅವರು ಹೋದ ಮೇಲೆ ಹೊಳೆದು ಎದೆ ಧಸಕ್ಕೆಂದಿತು. ಯಾರೂ ಸಾಯದೆ ವಾಪಸ್ಸು ಬಂದರು. ಗಾಜಿನ ಅಂಚಿಗೆ ಒಂದು ಹನಿ ಬಿಟ್ಟೆ. ಬೋರ್ಡಿನ ಮೇಲೆ ಹಳದಿ ಬಣ್ಣ ಸಂಜೆಯಂತೆ ಮೆಲ್ಲಗೆ ಹಬ್ಬಿತು. ಹಬ್ಬುತ್ತಿದ್ದಂತೆ ಪ್ರತಿ ಕೋಣೆಯಲ್ಲೂ ಕಂದು ಬೊಟ್ಟೊಂದು ಎದ್ದು ಬಂತು. "ಕೋಶಕೇಂದ್ರ!" ಎಂದು ಯಾರೋ ಪಿಸುಗುಟ್ಟಿದರು. ನಾನು ಹೇಳಿಕೊಡದೆ. ಆಮೇಲೆ ನೇರಳೆ ವಿಡಿಯೋವನ್ನೇ ಪಕ್ಕದಲ್ಲಿ ಹಾಕಿದೆ. ಅದರಲ್ಲಿ ಕಾಣುವ ಒಳಗಿನ ಸಣ್ಣ ಸಣ್ಣ ಭಾಗಗಳು ನಮ್ಮ ಮೈಕ್ರೋಸ್ಕೋಪಿಗೆ ಎಂದೂ ದಕ್ಕುವುದಿಲ್ಲ, ಅದಕ್ಕೇ ಯಾರೋ ಬಣ್ಣ ಹಚ್ಚಿ ತಿಳಿಯುವಂತೆ ಮಾಡಿದ್ದಾರೆ ಎಂದೆ. ಮಕ್ಕಳು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು. ಎರಡನ್ನೂ ನೋಡುವ ಮಕ್ಕಳ ಕಣ್ಣೇ ಬೇರೆ ಥರ ಇರುತ್ತದೆ, ಕಣ್ರೀ. ಅವರು ನೋಡುವುದಷ್ಟೇ ಅಲ್ಲ, ತಾಳೆ ಹಾಕುತ್ತಿರುತ್ತಾರೆ.

"ಇದೇನ್ ಮೇಡಂ ಹಗ್ಗ?"

ಬಾಗಿಲಲ್ಲಿ ಹೆಡ್ ಮಾಸ್ಟರು. ಯಾವಾಗ ಬಂದು ನಿಂತಿದ್ದರೋ. ಅವರು ಬೆರಳು ತೋರಿಸಿದ ಕಡೆ ನೋಡಿದರೆ ನಿಜ: ಗೌತಮಿ ಸ್ಲೈಡನ್ನು ಒಂಚೂರು ಸರಿಸಿದ್ದಳು; ಚಿತ್ರದ ಮೂಲೆಯಿಂದ ಕಪ್ಪನೆಯ, ಬಿಲ್ಲಿನಂತೆ ಬಾಗಿದ, ಬುಡದಲ್ಲಿ ದಪ್ಪ ತುದಿಯಲ್ಲಿ ಚೂಪಾದ ಹಗ್ಗವೊಂದು ಜೀವಕೋಶಗಳ ಮೇಲೆ ಅಡ್ಡಡ್ಡ ಮಲಗಿತ್ತು. ಬೇರು ಎಂದಿತು ಒಂದು ಬೆಂಚು. ಹುಳು ಎಂದಿತು ಇನ್ನೊಂದು. ಗೌತಮಿ ಒಂದು ಕ್ಷಣ ಫೋನು ಸರಿಸಿ, ಕೊಳವೆಗೆ ಕಣ್ಣಿಟ್ಟು ಪಿಳುಕಿಸಿ ನೋಡಿದಳು; ಅದು ಅಲ್ಲಾಡಲಿಲ್ಲ. "ನಂದಲ್ಲ ಮಿಸ್," ಎಂದಳು. ಆಮೇಲೆ ಸಂಕೋಚದಿಂದ, "ಗಾಜು ಮುಚ್ಚೋವಾಗ ನೀವು ತುಂಬಾ ಬಗ್ಗಿದ್ರಿ."

ನನ್ನ ಕಣ್ಣಿನದೇ ಒಂದು ಕೂದಲು ಉದುರಿ ಗಾಜಿನ ಕೆಳಗೆ ಸೇರಿಕೊಂಡಿತ್ತು! 'ರೆಪ್ಪೆ ಈರುಳ್ಳಿ' ಎಂಬ ಬಿರುದು ಗೋಡೆಯಷ್ಟಗಲವಾಗಿ, ಹೆಡ್ ಮಾಸ್ಟರ ಸಮ್ಮುಖದಲ್ಲಿ ನನಗೆ ಮರಳಿ ಸಂದಿತ್ತು.

"ತಗ್ದು ಕೈ ಮೇಲಿಟ್ಕೊಂಡು ಊದಿ ಮಿಸ್, ಬೇಡ್ಕೊಂಡಿದ್ದು ಆಯ್ತದೆ!" ಎಂದು ಹುಡುಗಿಯರೆಲ್ಲ ಕೂಗಿದರು.

"ಬೇಡಿ ಮಿಸ್, ಇರ್ಲಿ," ಎಂದಳು ಗೌತಮಿ. "ನಾನಿನ್ನೂ ಬರ್ಕೊಂಡಿಲ್ಲ."

ನಿಂಗರಾಜಯ್ಯನವರು ಮುಂದೆ ಬಂದು, ಮೊದಲ ಬೆಂಚಿನ ಮಕ್ಕಳನ್ನು ಸರಿಸಿ ಕುಳಿತರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ನಾನೂ ಎಸ್ಸೆಸ್ಸೆಲ್ಸೀಲಿ ಇದನ್ನ ಬರ್ದು ಫುಲ್ ಮಾರ್ಕ್ಸ್ ತಗೊಂಡಿದ್ದೆ ಕಣ್ರೀ ಮೇಡಂ," ಎಂದರು ಮೆಲ್ಲಗೆ. "ನೋಡ್ತಿರೋದು ಇವತ್ತೇ."

ಬೆಲ್ಲು ಹೊಡೆದರೂ ಅವರು ಏಳಲಿಲ್ಲ. ಎದ್ದವರು ಹೊರಗೆ ಹೋಗಿ ಗುಜರಿಯವನಿಗೆ ಫೋನು ಮಾಡಿದ್ದು ನಮಗೆಲ್ಲ ಕೇಳಿಸಿತು. "ಬೀರು ಇಲ್ಲ ಕಣಪ್ಪ. ಸಾಮಾನೂ ಇಲ್ಲ. ಕಾಲು ಮುರ್ದಿರೋ ಬೆಂಚ್ ಅವೆ, ಬೇಕಾದ್ರೆ ಬಾ." ಒಳಗೆ ಬಂದು ನನ್ನ ಮುಂದೆ ಕೈ ಚಾಚಿದರು. "ಬೋರ್ಡೂ ಲ್ಯಾಬಿಗೇ ಬರ್ಲಿ, ಬೀರೂ ಅಲ್ಲೇ ಇರ್ಲಿ. ಎಂಗೋ ಜಾಗ ಮಾಡೋಣ. ಆದ್ರೆ ಬೀಗದ ಕೈ ಇನ್ಮೇಲೆ ನನ್ನ ಹತ್ರ. ನಿಮ್ಮ ಬ್ಯಾಗಲ್ಲಿದ್ರೆ ಅದು ಆಚೆ ಬರಕಿಲ್ಲ."

ಕೊಟ್ಟೆ. ಈಗ ಲ್ಯಾಬಿನ ಬಾಗಿಲು ದಿನಾ ತೆರೆದಿರುತ್ತದೆ, ನನ್ನ ಎದೆ ದಿನಾ ಹೊಡೆದುಕೊಳ್ಳುತ್ತದೆ, ಎರಡೂ ಒಂದಕ್ಕೊಂದು ಹೊಂದಿಕೊಂಡಿವೆ. ಬಟಾಣಿ ಹೂವು, ಕೊಳದ ನೀರು, ಮಂಜನ ತಲೆಯಿಂದ ಅವನೇ ಕಿತ್ತುಕೊಟ್ಟ ಕೂದಲು, ಎಲ್ಲಕ್ಕೂ ಗೋಡೆಯ ಮೇಲೆ ದರ್ಶನಭಾಗ್ಯ ಸಿಕ್ಕಿದೆ. "ಕಾಣ್ತಾ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ. "ಏನು ಕಾಣ್ತಿದೆ?" ಎನ್ನುತ್ತೇನೆ. ಸಾಲು ಬೇಗ ಸರಿಯುವುದಿಲ್ಲ. ಸರಿಯದಿದ್ದರೆ ಬೇಡ. ಹೊಸದಾಗಿ ಒಂದು ಚಿಂತೆ ಮಾತ್ರ ಸೇರಿಕೊಂಡಿದೆ: ಈ ವಯಸ್ಸಿನಲ್ಲಿ ರೆಪ್ಪೆಗೂದಲು ಉದುರುವುದು ಯಾವ ಕಾಯಿಲೆಯ ಲಕ್ಷಣವೋ?

ಆ ವಾರ ರೆಕಾರ್ಡ್ ತಿದ್ದಲು ಕುಳಿತೆ. ಕೆಲವರ ಈರುಳ್ಳಿ ಇನ್ನೂ ಪುಸ್ತಕದ ಇಟ್ಟಿಗೆಯೇ. ಅಭ್ಯಾಸ ಒಂದೇ ದಿನಕ್ಕೆ ಹೋದೀತೇ? ಗೌತಮಿಯದು ಬಂತು. ಸೊಟ್ಟ ಕೋಣೆಗಳು, ಕಂದು ಬೊಟ್ಟುಗಳು, ನಾನು ಜಾಣ್ಮೆಯಿಂದ ತಪ್ಪಿಸಿದೆನೆಂದುಕೊಂಡಿದ್ದ ಗಾಳಿಗುಳ್ಳೆಯೊಂದು, ಎಲ್ಲವೂ ಇದ್ದವು. ಮೂಲೆಯಲ್ಲಿ ಕಪ್ಪಗೆ ಬಾಗಿದ ಒಂದು ಗೆರೆ. ಕೋಶಭಿತ್ತಿ, ಕೋಶಕೇಂದ್ರ, ಗಾಳಿಗುಳ್ಳೆ ಎಂದು ಕ್ರಮವಾಗಿ ಭಾಗಗಳನ್ನು ಗುರುತಿಸಿ, ಆ ಗೆರೆಯ ಮುಂದೆಯೂ ಹೆಸರು ಬರೆದಿದ್ದಳು: 'ನಮ್ಮ ಮಿಸ್ ಅವರ ರೆಪ್ಪೆ.'

ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಏನೂ ತಿದ್ದದೆ ಬಿಟ್ಟರೆ ಮೇಷ್ಟ್ರಮ್ಮನ ಮರ್ಯಾದೆ ಉಳಿಯುವುದಿಲ್ಲವಲ್ಲ. ಪೂರ್ತಿ ಅಂಕ ಕೊಟ್ಟು, ಕೆಳಗೆ ಬರೆದೆ: 'ರೆಪ್ಪೆಯನ್ನು ಗುರುತಿಸುವ ಗೆರೆಯನ್ನು ಸ್ಕೇಲ್ ಇಟ್ಟು ಎಳೆಯಬೇಕು.'